ಅರವತ್ತು ಪುಸ್ತಕ, ಕಥೆಯಲ್ಲಿ ಮೂರು ಚಿಲ್ಲರೆ ವರ್ಷ: ಈ ಸರಣಿಯನ್ನು ಎಲ್ಲಿಂದ ಓದಬೇಕು?

ಪ್ರಶ್ನೆ: ನಾವು ಐದು ಜನ ಗೆಳತಿಯರು ಜೆ. ಡಿ. ರಾಬ್ ಅವರ 'ಇನ್ ಡೆತ್' ಪತ್ತೇದಾರಿ ಸರಣಿಯ ಹುಚ್ಚು ಹಿಡಿಸಿಕೊಂಡಿದ್ದೇವೆ. ನನಗೆ ಮೊದಲು ಸಿಕ್ಕಿದ್ದು 2017ರ 'ಸೀಕ್ರೆಟ್ಸ್ ಇನ್ ಡೆತ್'. ತುಂಬಾ ಹಿಡಿಸಿತು. ಆಮೇಲೆ ಕೈಗೆ ಸಿಕ್ಕಿದ್ದನ್ನು ಹಿಂದು ಮುಂದು ನೋಡದೆ ಓದಿದೆ, ಹದಿನಾಲ್ಕು ಆದವು. ಈಗ ಎಲ್ಲರೂ ಸೇರಿ ಮಾತಿಗೆ ಕೂತರೆ ಜಗಳವೇ. ಒಬ್ಬಳು 'ಮೊದಲನೆಯದರಿಂದ ಸಾಲಾಗಿ ಓದದೆ ನೀನು ಮಾತಾಡಲೇಬೇಡ' ಅನ್ನುತ್ತಾಳೆ. ಇನ್ನೊಬ್ಬಳ ಪ್ರಕಾರ ಈಚಿನ ಪುಸ್ತಕಗಳನ್ನು ಬೇರೆ ಯಾರೋ ಬರೆದುಕೊಡುತ್ತಿದ್ದಾರೆ. ಮತ್ತೊಬ್ಬಳು 2058ರಲ್ಲೂ ಡಿಸ್ಕ್ ಹಾಕಿ ಫೈಲ್ ನೋಡುತ್ತಾರಲ್ಲ ಅಂತ ನಗುತ್ತಾಳೆ. ನನಗೂ ನಡುವೆ ಬೇಸರ ಬಂದಿದೆ, ಆದರೆ ಬಿಡೋಕೆ ಮನಸ್ಸಿಲ್ಲ. ಇನ್ನೊಂದು ವಿಷಯ ಗೆಳತಿಯರಿಗೆ ಹೇಳಿಲ್ಲ. ನಾಯಕಿ ಈವ್‌ಳ ಬಾಲ್ಯದ ಭಾಗಗಳು ಬಂದ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಮೊದಲಿನಿಂದ ಓದಿದರೆ ಅದು ಇನ್ನೂ ಜಾಸ್ತಿ ಇರುತ್ತದಾ? ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ನಿದ್ದೆಯ ವಿಷಯ ಒಂದನ್ನು ಬಿಟ್ಟರೆ ಉಳಿದ ಎಲ್ಲದರ ಬೇರು ಹೆಚ್ಚುಕಡಿಮೆ ಒಂದೇ. ನಿದ್ದೆಯ ವಿಷಯ ಬೇರೆ. ಅದಕ್ಕೆ ನೇರವಾದ ಉತ್ತರವೇ ಇದೆ, ಅಲ್ಲಿಗೂ ಬರುತ್ತೇನೆ.

ಕಾದಂಬರಿಗಳು ಅಚ್ಚಿಗೆ ಹೋಗುವ ಮೊದಲು ತಿದ್ದುವುದು ನನ್ನ ಕೆಲಸ. ಅಪರಾಧ ಕಥೆಗಳ ಸರಣಿಗಳೇ ಅದರಲ್ಲಿ ಜಾಸ್ತಿ. ಸರಣಿ ಅಂದ ಮೇಲೆ ಸಂಪಾದಕರ ಹತ್ತಿರ ಒಂದು ಕಡತ ಇದ್ದೇ ಇರುತ್ತದೆ. ಯಾರ ಕಣ್ಣು ಯಾವ ಬಣ್ಣ, ಯಾರಿಗೆ ಯಾವ ಭುಜಕ್ಕೆ ಗಾಯವಾಗಿತ್ತು, ಯಾರು ಯಾರನ್ನು ಏನಂತ ಕರೆಯುತ್ತಾರೆ, ಎಲ್ಲ ಅದರಲ್ಲಿ ಬರೆದಿಟ್ಟಿರಬೇಕು. ಪುಸ್ತಕಗಳು ಹೆಚ್ಚಾದಂತೆ ಕಡತ ಉಬ್ಬುತ್ತದೆ. ಅದರಲ್ಲಿ ಜಾಸ್ತಿ ತಲೆನೋವು ಕೊಡುವ ಪುಟ ಯಾವುದು ಗೊತ್ತಾ? ತಾರೀಖುಗಳ ಪುಟ. ನಿಮ್ಮ ಗೆಳತಿಯರ ಜಗಳವೂ ಅಲ್ಲಿಂದಲೇ ಶುರುವಾಗುತ್ತದೆ.

ಸರಣಿ ಗೊತ್ತಿಲ್ಲದವರಿಗಾಗಿ ಎರಡು ಮಾತು. ಮೊದಲ ಪುಸ್ತಕ 'ನೇಕೆಡ್ ಇನ್ ಡೆತ್' ಬಂದಿದ್ದು 1995ರಲ್ಲಿ. ಕಥೆ ನಡೆಯುವುದು 2058ರ ನ್ಯೂಯಾರ್ಕ್‌ನಲ್ಲಿ. ನಾಯಕಿ ಈವ್ ಡಲ್ಲಾಸ್ ಕೊಲೆ ವಿಭಾಗದ ಲೆಫ್ಟಿನೆಂಟ್, ವಯಸ್ಸು ಮೂವತ್ತು. ರೋರ್ಕ್ ಡಬ್ಲಿನ್‌ನ ಬೀದಿಗಳಲ್ಲಿ ಬೆಳೆದು ಆಮೇಲೆ ಕುಬೇರನಾದವನು. ಮೊದಲ ಪುಸ್ತಕದಲ್ಲಿ ಅವನ ಹೆಸರು ಶಂಕಿತರ ಪಟ್ಟಿಯಲ್ಲಿರುತ್ತದೆ. ಮೂರನೆಯದು ಮುಗಿಯುವ ಹೊತ್ತಿಗೆ ಅವಳ ಗಂಡ. ಅಲ್ಲಿಂದ ವರ್ಷಕ್ಕೆ ಹೆಚ್ಚುಕಡಿಮೆ ಎರಡರ ಲೆಕ್ಕದಲ್ಲಿ ಪುಸ್ತಕಗಳು ಬರುತ್ತಲೇ ಇವೆ. 2020ರ 'ಗೋಲ್ಡನ್ ಇನ್ ಡೆತ್' ಐವತ್ತನೆಯದು, 2025ರ 'ಬಾಂಡೆಡ್ ಇನ್ ಡೆತ್' ಅರವತ್ತನೆಯದು. ನಡುನಡುವೆ ಬಂದ ಕಿರುಕಾದಂಬರಿಗಳು ಈ ಲೆಕ್ಕದಲ್ಲಿ ಇಲ್ಲ.

ಈಗ ತಾರೀಖಿಗೆ ಬರೋಣ. ನಮ್ಮ ಲೆಕ್ಕದಲ್ಲಿ ಈ ಸರಣಿಗೆ ಮೂವತ್ತು ವರ್ಷ. ಕಥೆಯ ಲೆಕ್ಕದಲ್ಲಿ ಇನ್ನೂ 2061. ಅಂದರೆ ಮೂರು ಚಿಲ್ಲರೆ ವರ್ಷದಲ್ಲಿ ಅರವತ್ತು ದೊಡ್ಡ ಪ್ರಕರಣ. ಒಂದು ಮುಗಿಸಿ ಎರಡು ಮೂರು ವಾರ ಆಗುವಷ್ಟರಲ್ಲಿ ಇನ್ನೊಂದು. ಈವ್‌ಳ ಗೆಳತಿ ಮೇವಿಸ್‌ಳ ಮಗಳು ಬೆಲ್ಲಾಳನ್ನೇ ನೋಡಿ. ಅವಳು ಹುಟ್ಟಿದ್ದು 2006ರ 'ಬಾರ್ನ್ ಇನ್ ಡೆತ್'ನಲ್ಲಿ. ಆ ಪುಸ್ತಕ ಬಂದ ವರ್ಷ ನಮ್ಮ ಲೋಕದಲ್ಲಿ ಹುಟ್ಟಿದ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಬೆಲ್ಲಾ ಇನ್ನೂ ತೊದಲು ಮಾತಾಡಿಕೊಂಡು ಓಡಾಡುವ ಕೂಸು.

ಇದು ಲೇಖಕಿಯ ಮರೆವು ಅಲ್ಲ, ಬೇಕೆಂದೇ ಮಾಡಿಕೊಂಡ ಏರ್ಪಾಡು. ಸರಣಿ ಬರೆಯುವವರ ಮುಂದೆ ಮೊದಲ ದಿನವೇ ಈ ಪ್ರಶ್ನೆ ಬಂದು ನಿಲ್ಲುತ್ತದೆ. ನಾಯಕನಿಗೆ ವಯಸ್ಸಾಗಬೇಕಾ, ಬೇಡವಾ? ಇಯಾನ್ ರ‍್ಯಾಂಕಿನ್ ತಮ್ಮ ಇನ್‌ಸ್ಪೆಕ್ಟರ್ ರೀಬಸ್‌ಗೆ ನಿಜವಾದ ಲೆಕ್ಕದಲ್ಲೇ ವಯಸ್ಸಾಗಲು ಬಿಟ್ಟರು. 1987ರಲ್ಲಿ ಶುರುವಾದವನು 2007ರ ಹೊತ್ತಿಗೆ ಅರವತ್ತು ಮುಟ್ಟಿ ನಿವೃತ್ತನಾಗಲೇಬೇಕಾಯಿತು. ಮುಂದಿನ ಕಥೆಗಳಿಗೆ ಅವನನ್ನು ಮತ್ತೆ ಪೊಲೀಸರ ನಡುವೆ ತರಲು ಲೇಖಕರು ದಾರಿ ಹುಡುಕಬೇಕಾಯಿತು. ಅಗಾಥಾ ಕ್ರಿಸ್ಟಿಯ ಪ್ವಾರೊ 1920ರಲ್ಲಿ ಕಾಣಿಸಿಕೊಂಡಾಗಲೇ ನಿವೃತ್ತ ಪೊಲೀಸ್. ಅವನು 1970ರ ದಶಕದವರೆಗೂ ಕೊಲೆಗಾರರನ್ನು ಹಿಡಿಯುತ್ತಲೇ ಇದ್ದ. ಕೂಡಿ ಕಳೆದು ನೋಡಿದರೆ ಅವನಿಗೆ ನೂರು ದಾಟಿರಬೇಕು. ಅವನನ್ನು ಅಷ್ಟು ಮುದುಕನಾಗಿ ಶುರು ಮಾಡಬಾರದಿತ್ತು ಅಂತ ಕ್ರಿಸ್ಟಿಯೇ ಒಪ್ಪಿಕೊಂಡಿದ್ದರು. ಸೂ ಗ್ರಾಫ್ಟನ್ ಮೂರನೆಯ ದಾರಿ ಹಿಡಿದರು. 1982ರಿಂದ 2017ರವರೆಗೆ ಇಪ್ಪತ್ತೈದು ಪುಸ್ತಕ ಬರೆದರು. ಅವರ ಪತ್ತೇದಾರಿಣಿ ಮಾತ್ರ ಕೊನೆಯವರೆಗೂ 1980ರ ದಶಕದಲ್ಲೇ ಉಳಿದಳು.

ರಾಬ್ ಹಿಡಿದಿದ್ದು ಈ ಮೂರನೆಯ ದಾರಿಯನ್ನೇ. ಒಂದೇ ವ್ಯತ್ಯಾಸ, ಗ್ರಾಫ್ಟನ್ ಕಾಲವನ್ನು ಹಿಂದೆ ನಿಲ್ಲಿಸಿದರು, ಇವರು ಮುಂದೆ ನಿಲ್ಲಿಸಿದ್ದಾರೆ. ಹೀಗೆ ಮಾಡಿದ್ದರಿಂದ ಈವ್ ಮತ್ತು ರೋರ್ಕ್ ಯಾವಾಗಲೂ ಹೊಸದಾಗಿ ಮದುವೆಯಾದವರೇ. ಮೊದಲ ವಾರ್ಷಿಕೋತ್ಸವದ ಹೊತ್ತಿಗೇ ಅವರ ಹಿಂದೆ ಒಂದು ಕಪಾಟಿನಷ್ಟು ಪುಸ್ತಕ ಇದೆ. ಪಾತ್ರಗಳು ಬದಲಾಗುತ್ತವೆ, ಆದರೆ ತುಂಬಾ ನಿಧಾನವಾಗಿ. ಒಂದು ಬಡ್ತಿಗೆ ಹತ್ತು ಪುಸ್ತಕ, ಒಂದು ಬಸುರು ಬಾಣಂತನಕ್ಕೆ ನಾಲ್ಕೈದು ಪುಸ್ತಕ.

ಈಗ ಮೊದಲ ಜಗಳ. ಸಾಲಾಗಿಯೇ ಓದಬೇಕಾ? ಕೊಲೆಯ ಕಥೆಗಾಗಿ ಆದರೆ ಬೇಡ. ಪ್ರತಿ ಪುಸ್ತಕದಲ್ಲೂ ಒಂದು ಪ್ರಕರಣ ತೆರೆದು ಅಲ್ಲೇ ಮುಚ್ಚುತ್ತದೆ. ಹಿಂದಿನದು ಗೊತ್ತಿಲ್ಲದವರಿಗೂ ತಿಳಿಯಲಿ ಅಂತ ಪ್ರತಿ ಸಲ ಮೊದಲ ಐವತ್ತು ಪುಟದಲ್ಲಿ ಯಾರು ಯಾರು ಅಂತ ಇನ್ನೊಮ್ಮೆ ಹೇಳುತ್ತಾರೆ. ಅದು ಪ್ರಕಾಶಕರಿಗೆ ಬೇಕಾದದ್ದು. ಅಂಗಡಿಯಲ್ಲಿ ನಲವತ್ತನೆಯ ಪುಸ್ತಕ ಎತ್ತಿಕೊಂಡವರು ಓಡಿಹೋಗಬಾರದಲ್ಲ! ನೀವು 'ಸೀಕ್ರೆಟ್ಸ್'ನಿಂದ ಶುರು ಮಾಡಿಯೂ ಸಲೀಸಾಗಿ ಒಳಗೆ ಹೋಗಿದ್ದು ಇದರಿಂದಲೇ.

ಆದರೆ ಮನುಷ್ಯರ ಕಥೆ ಬೇರೆ. ಅದು ಪುಸ್ತಕದಿಂದ ಪುಸ್ತಕಕ್ಕೆ ಹರಿಯುತ್ತದೆ. ಈವ್‌ಳ ಕೈಕೆಳಗಿನ ಪೊಲೀಸ್ ಪೀಬಡಿಯನ್ನೇ ತಗೊಳ್ಳಿ. ಎರಡನೆಯ ಪುಸ್ತಕದಲ್ಲಿ ಅವಳು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, 'ಸರ್' ಅನ್ನುತ್ತಾ ನೆಟ್ಟಗೆ ನಿಂತಿರುವ ಹುಡುಗಿ. 2003ರ 'ಇಮಿಟೇಶನ್ ಇನ್ ಡೆತ್'ನಲ್ಲಿ ಡಿಟೆಕ್ಟಿವ್ ಪರೀಕ್ಷೆ ಬರೆಯುತ್ತಾಳೆ. ನಿಮಗೆ ಸಿಕ್ಕ ಪೀಬಡಿ ಈವ್‌ಳನ್ನೇ ರೇಗಿಸುವ ಜೊತೆಗಾರ್ತಿ. ಅವಳ ಹಳೆಯ ಭಯ ನೋಡಿದವರಿಗೆ ಆ ರೇಗಿಸುವಿಕೆ ಇನ್ನೂ ರುಚಿಸುತ್ತದೆ. ನಿಮ್ಮ ಗೆಳತಿ ಹೇಳಲು ಹೊರಟಿದ್ದು ಇದನ್ನೇ ಇರಬೇಕು. ಹೇಳಿದ ರೀತಿ ಸ್ವಲ್ಪ ಒರಟಾಯಿತು, ಅಷ್ಟೇ.

ಹಾಗಾದರೆ ನಿಮ್ಮ ಮುಂದೆ ಏನೇನು ದಾರಿ ಇದೆ?

ಒಂದು, ಮೊದಲನೆಯದರಿಂದ ಸಾಲಾಗಿ ಎಲ್ಲವನ್ನೂ ಓದುವುದು. ಪೂರ್ತಿ ಸುಖ ಸಿಗುವುದು ಇದರಲ್ಲೇ. ಅಪಾಯವೂ ಇದರಲ್ಲೇ ಜಾಸ್ತಿ. ಅರವತ್ತು ಪುಸ್ತಕ ಅಂದರೆ ತಿಂಗಳಿಗೊಂದು ಓದಿದರೂ ಐದು ವರ್ಷ. ಅಷ್ಟರಲ್ಲಿ ಇನ್ನೂ ಹತ್ತು ಬಂದಿರುತ್ತವೆ. ಮೇಲಾಗಿ ಮೊದಲ ಪುಸ್ತಕಗಳು 1990ರ ದಶಕದ ಪ್ರೇಮಕಾದಂಬರಿಯ ಗಾಳಿಯಲ್ಲಿ ಹುಟ್ಟಿದವು. ರೋರ್ಕ್ ಕೆಲವು ಕಡೆ ಕೇಳದೇ ನುಗ್ಗುತ್ತಾನೆ, ಅಧಿಕಾರ ಚಲಾಯಿಸುತ್ತಾನೆ. ಆಗಿನ ಓದುಗರಿಗೆ ಅದು ಗತ್ತಾಗಿ ಕಂಡಿತು. ಈಗ ಓದಿದರೆ ಕೆಲವರಿಗೆ ಮುಜುಗರವಾಗುತ್ತದೆ. ನೀವು ಈಚಿನ, ಮೆತ್ತಗಾದ ರೋರ್ಕ್‌ನನ್ನು ನೋಡಿದವರು. ಆ ಹಳೆಯವನು ನಿಮಗೆ ಹಿಡಿಸದೆಯೂ ಇರಬಹುದು.

ಎರಡನೆಯದು ಈಗ ಮಾಡುತ್ತಿರುವ ಹಾಗೆಯೇ ಸಿಕ್ಕಿದ್ದನ್ನು ಓದುವುದು. ಇದರಲ್ಲಿ ಏನೂ ತಪ್ಪಿಲ್ಲ. ಒಂದು ನಷ್ಟ ಮಾತ್ರ ಇದೆ. ಯಾರು ಉಳಿದರು, ಯಾರು ಯಾರನ್ನು ಕಟ್ಟಿಕೊಂಡರು ಅಂತ ಮೊದಲೇ ಗೊತ್ತಾಗಿಬಿಡುತ್ತದೆ. ಹದಿನಾಲ್ಕು ಪುಸ್ತಕ ಓದಿದ ನಿಮಗೆ ಆ ನಷ್ಟ ಬಹುಪಾಲು ಈಗಾಗಲೇ ಆಗಿಹೋಗಿದೆ.

ನಾನು ಹೇಳುವುದು ಇವೆರಡರ ನಡುವಿನ ದಾರಿ. ಮೊದಲ ಮೂರನ್ನು ಸಾಲಾಗಿ ಓದಿ: 'ನೇಕೆಡ್', 'ಗ್ಲೋರಿ', 'ಇಮ್ಮಾರ್ಟಲ್'. ಅಲ್ಲಿಗೆ ಪರಿಚಯ, ಜಗಳ, ಮದುವೆ ಮುಗಿಯುತ್ತದೆ. ಆಮೇಲೆ 2003ರ ಎರಡು, 'ಪೋರ್ಟ್ರೇಟ್' ಮತ್ತು 'ಇಮಿಟೇಶನ್'. ಮೊದಲನೆಯದರಲ್ಲಿ ರೋರ್ಕ್‌ಗೆ ತನ್ನ ಹುಟ್ಟಿನ ಬಗ್ಗೆ ಒಂದು ಸತ್ಯ ಗೊತ್ತಾಗುತ್ತದೆ, ಎರಡನೆಯದು ಪೀಬಡಿಯದು. ಅದಾದ ಮೇಲೆ 'ಬಾರ್ನ್'. ಸರಣಿಯಲ್ಲಿ ಜನ ಹೊಟ್ಟೆ ಹಿಡಿದು ನಗುವ ಪುಟಗಳು ಅದರಲ್ಲಿವೆ. ಕೊಲೆಗಾರನ ಎದುರು ಅಲುಗದ ಈವ್ ಹೆರಿಗೆ ತರಬೇತಿ ಅಂದರೆ ಬೆವರುತ್ತಾಳೆ. ಈ ಆರು ಕಂಬ ನೆಟ್ಟರೆ ಉಳಿದದ್ದನ್ನು ಯಾವ ಕ್ರಮದಲ್ಲಿ ಓದಿದರೂ ನಿಲ್ಲುತ್ತದೆ. 2011ರ 'ನ್ಯೂಯಾರ್ಕ್ ಟು ಡಲ್ಲಾಸ್' ಅನ್ನು ಮಾತ್ರ ಈ ಪಟ್ಟಿಗೆ ಸೇರಿಸಿಲ್ಲ. ಕಾರಣ ನಿಮ್ಮ ನಿದ್ದೆ.

ಹೌದು, ಮೊದಲಿನಿಂದ ಓದಿದರೆ ಆ ಭಾಗಗಳು ಜಾಸ್ತಿ. ಅದನ್ನು ಮುಚ್ಚಿಟ್ಟು ನಿಮಗೆ ಒಂದನೆಯ ಪುಸ್ತಕ ಕೈಗಿಡಲಾರೆ. ಈವ್ ಎಂಟು ವರ್ಷದವಳಿದ್ದಾಗ ಟೆಕ್ಸಸ್‌ನ ಡಲ್ಲಾಸ್ ಊರಿನ ಒಂದು ಓಣಿಯಲ್ಲಿ ಮುರಿದ ಕೈ, ಮಾಸಿದ ನೆನಪಿನೊಂದಿಗೆ ಸಿಕ್ಕವಳು. ಅವಳ ಹೆಸರಿನ ಡಲ್ಲಾಸ್ ಬಂದಿದ್ದು ಹಾಗೆ. ಅದಕ್ಕೂ ಮೊದಲು ಮನೆಯೊಳಗೆ ಏನಾಗಿತ್ತು ಅನ್ನುವುದು ಮೊದಲ ಪುಸ್ತಕಗಳಲ್ಲಿ ದುಃಸ್ವಪ್ನಗಳಾಗಿ ತುಣುಕು ತುಣುಕಾಗಿ ಬರುತ್ತದೆ. ಮೂರನೆಯದರಲ್ಲಿ ನೆನಪು ಗಟ್ಟಿಯಾಗುತ್ತದೆ. 2002ರ 'ರಿಯೂನಿಯನ್'ನಲ್ಲಿ ಅವಳು ಆ ಊರಿಗೇ ಹೋಗುತ್ತಾಳೆ. 'ನ್ಯೂಯಾರ್ಕ್ ಟು ಡಲ್ಲಾಸ್'ನಲ್ಲಿ ಪುಸ್ತಕದ ಬೆನ್ನೆಲುಬೇ ಅದು. ಆಮೇಲೆ ಬಂದವುಗಳಲ್ಲಿ ನಿಧಾನಕ್ಕೆ ಕಡಿಮೆಯಾಗುತ್ತದೆ.

ಇಲ್ಲೊಂದು ಕೆಲಸಕ್ಕೆ ಬರುವ ಗುರುತು ಇದೆ. ಈ ಕನಸುಗಳು ಬಹುಪಾಲು ಒಂದೇ ಕೋಣೆಯಲ್ಲಿ ನಡೆಯುತ್ತವೆ. ಕೊರೆಯುವ ಚಳಿ. ಕೊಳಕು ಕಿಟಕಿ. ಹೊರಗಿನ ಯಾವುದೋ ಫಲಕದ ಕೆಂಪು ದೀಪ ಹತ್ತಿ ಆರಿ, ಹತ್ತಿ ಆರಿ, ಕೋಣೆಯೆಲ್ಲ ಕೆಂಪಾಗುತ್ತಾ ಇರುತ್ತದೆ. ಚಳಿ ಮತ್ತು ಕೆಂಪು ಬೆಳಕು ಎರಡೂ ಒಟ್ಟಿಗೆ ಕಂಡವೋ, ಮುಂದೇನು ಬರುತ್ತದೆ ಅಂತ ಗೊತ್ತಾಯಿತು. ಅಲ್ಲಿಂದ ಹಾಳೆ ತಿರುವಿ, ಮುಂದಿನ ಬಿಡುವಿಗೆ ಹೋಗಿ. ಸಾಮಾನ್ಯವಾಗಿ ಅದು ಒಂದೆರಡು ಪುಟ, ಅಷ್ಟೇ. ಎದ್ದ ಮೇಲೆ ರೋರ್ಕ್ ಅವಳನ್ನು ಹಿಡಿದುಕೊಂಡಿರುತ್ತಾನೆ, ಬೆಕ್ಕು ಬಂದು ಪಕ್ಕಕ್ಕೆ ಒತ್ತಿಕೊಂಡಿರುತ್ತದೆ. ಅಲ್ಲಿಂದ ಓದಿ. ಪ್ರಕರಣದ ಒಂದು ಎಳೆಯೂ ತಪ್ಪುವುದಿಲ್ಲ. ಲೇಖಕಿ ಬರೆದದ್ದನ್ನೆಲ್ಲ ಓದಲೇಬೇಕು ಅನ್ನುವ ಕಾನೂನು ಎಲ್ಲೂ ಇಲ್ಲ. ದಿನವಿಡೀ ಇದೇ ಕೆಲಸ ಮಾಡುವ ನಾನು ಹೇಳುತ್ತಿದ್ದೇನೆ.

ಆಡಿಯೋ ಪುಸ್ತಕ ಮಾತ್ರ ಈ ವಿಷಯದಲ್ಲಿ ಕಷ್ಟ. ಸೂಸನ್ ಎರಿಕ್‌ಸನ್ ಈ ಸರಣಿಯನ್ನು ಓದಿದ ರೀತಿಗೇ ಬೇರೆ ಅಭಿಮಾನಿಗಳಿದ್ದಾರೆ. ಪ್ರತಿ ಪಾತ್ರಕ್ಕೂ ಬೇರೆ ದನಿ. ಆದರೆ ಕೇಳುವಾಗ ಎಲ್ಲಿಗೆ ಹಾರಬೇಕು ಅಂತ ಕಣ್ಣಿಗೆ ಕಾಣುವುದಿಲ್ಲ, ದನಿ ಕಿವಿಯೊಳಗೇ ಬರುತ್ತದೆ. ಮೊದಲ ಪುಸ್ತಕಗಳನ್ನು ನೀವು ಅಚ್ಚಿನಲ್ಲೇ ಓದಿ, ಹಗಲಲ್ಲೇ ಓದಿ.

ಇನ್ನೊಂದು ಮಾತು. ಪುಸ್ತಕ ಮುಚ್ಚಿಟ್ಟ ಮೇಲೂ ದಿನಗಟ್ಟಲೆ ನಿದ್ದೆ ಕೆಡುತ್ತಿದ್ದರೆ, ಅಥವಾ ಈವ್‌ಳ ನೆನಪು ನಿಮ್ಮದೇ ಯಾವುದೋ ನೆನಪಿಗೆ ಹೋಗಿ ತಾಗುತ್ತಿದ್ದರೆ, ಅದು ಸಂಪಾದಕರು ನೋಡಬೇಕಾದ ವಿಷಯ ಅಲ್ಲ. ಒಬ್ಬ ಆಪ್ತಸಮಾಲೋಚಕರ ಹತ್ತಿರ ಮಾತಾಡಿ. ಕಥೆಯಲ್ಲಿ ಈವ್ ಕೂಡ ಪೊಲೀಸ್ ಇಲಾಖೆಯ ಮನೋವೈದ್ಯೆ ಡಾಕ್ಟರ್ ಮೀರಾ ಹತ್ತಿರ ಹೋಗಲು ಎಷ್ಟೋ ಪುಸ್ತಕ ತಪ್ಪಿಸಿಕೊಂಡು ತಿರುಗಿ, ಕೊನೆಗೆ ಹೋದವಳೇ.

ಈಗ 'ಬೇರೆ ಯಾರೋ ಬರೆಯುತ್ತಿದ್ದಾರೆ' ಅನ್ನುವ ಮಾತು. ಇದರಲ್ಲಿ ಅರ್ಧ ಸತ್ಯ ಇದೆ, ಆದರೆ ಗೆಳತಿ ಅಂದುಕೊಂಡ ಅರ್ಧ ಅಲ್ಲ. ಜೆ. ಡಿ. ರಾಬ್ ಅನ್ನುವವರು ಯಾರೂ ಇಲ್ಲ. ಅದು ನೋರಾ ರಾಬರ್ಟ್ಸ್ ಅವರ ಇನ್ನೊಂದು ಹೆಸರು. ಜೆ ಮತ್ತು ಡಿ ಅವರ ಇಬ್ಬರು ಗಂಡುಮಕ್ಕಳ ಹೆಸರಿನ ಮೊದಲ ಅಕ್ಷರ, ರಾಬ್ ಅಂದರೆ ರಾಬರ್ಟ್ಸ್‌ನ ತುಂಡು. 1981ರಲ್ಲಿ ಮೊದಲ ಪುಸ್ತಕ ಪ್ರಕಟಿಸಿದವರು, ಈಗ ಒಟ್ಟು ಇನ್ನೂರು ದಾಟಿವೆ. ಎರಡನೆಯ ಹೆಸರು ಬಂದಿದ್ದೇ ಈ ವೇಗದಿಂದ. ಒಂದೇ ಹೆಸರಿನಲ್ಲಿ ವರ್ಷಕ್ಕೆ ಇಷ್ಟೊಂದು ಪುಸ್ತಕ ಬಿಟ್ಟರೆ ಒಂದರ ಮಾರಾಟವನ್ನು ಇನ್ನೊಂದು ತಿನ್ನುತ್ತದೆ. ಪ್ರಕಾಶನದವರಿಗೆ ಈ ಭಯ ಯಾವಾಗಲೂ ಇರುತ್ತದೆ. ಹೊಸ ಹೆಸರು ಇಟ್ಟರೆ ಹೊಸ ಬಗೆಯ ಕಥೆಗೂ ಜಾಗ ಆಯಿತು. 2003ರ 'ರಿಮೆಂಬರ್ ವೆನ್' ಪುಸ್ತಕದಲ್ಲಿ ಎರಡೂ ಹೆಸರು ಒಂದೇ ರಕ್ಷಾಪುಟದ ಮೇಲೆ ಬಂದವು. ಮೊದಲರ್ಧ ನಮ್ಮ ಕಾಲದ ಕಥೆ, ನೋರಾ ರಾಬರ್ಟ್ಸ್ ಹೆಸರಲ್ಲಿ. ಎರಡನೆಯ ಅರ್ಧ 2059ರದು, ರಾಬ್ ಹೆಸರಲ್ಲಿ. ಗುಟ್ಟೇನೂ ಉಳಿದಿಲ್ಲ.

ತಮ್ಮ ಪುಸ್ತಕಗಳನ್ನು ತಾವೇ ಬರೆಯುವುದಾಗಿ ಅವರು ಬಹಿರಂಗವಾಗಿ ಹೇಳಿದ್ದಾರೆ. ಮತ್ತೊಬ್ಬರು ಬರೆದಿದ್ದಾರೆ ಅನ್ನೋಕೆ ಆಧಾರ ಇಲ್ಲ. ನಮ್ಮ ಕಸುಬಿನ ಕಡೆಯಿಂದಲೂ ಒಂದು ಮಾತು. ಹೆಸರುವಾಸಿ ಸರಣಿಯನ್ನು ಬೇರೆಯವರು ಮುಂದುವರಿಸಿದಾಗ ಅವರ ಹೆಸರನ್ನೂ ರಕ್ಷಾಪುಟದ ಮೇಲೆ ಹಾಕುವ ಪದ್ಧತಿ ಇಂಗ್ಲಿಷ್ ಪ್ರಕಾಶನದಲ್ಲಿ ಸಾಕಷ್ಟು ಇದೆ. ಥ್ರಿಲ್ಲರ್ ಲೇಖಕ ರಾಬರ್ಟ್ ಲಡ್ಲಮ್ 2001ರಲ್ಲಿ ತೀರಿಕೊಂಡ ಮೇಲೆ ಅವರ ನಾಯಕನ ಕಥೆಗಳು ಮುಂದುವರಿದಿದ್ದು ಹಾಗೆಯೇ. ಗ್ರಾಫ್ಟನ್ ತೀರಿಕೊಂಡ ಮೇಲೆ ಅವರ ಮನೆಯವರು ಅದೂ ಬೇಡ ಅಂದರು. ಪುಸ್ತಕಕ್ಕೊಂದು ಇಂಗ್ಲಿಷ್ ಅಕ್ಷರದ ಹೆಸರಿದ್ದ ಅವರ ಸರಣಿ 'ವೈ'ಗೇ ನಿಂತಿತು, 'ಜೆಡ್' ಬರಲೇ ಇಲ್ಲ.

ಹಾಗಾದರೆ ಈಚಿನವು ಬೇರೆ ಥರ ಅನ್ನಿಸುವುದು ಸುಳ್ಳಾ? ಅಲ್ಲ. ಬೇರೆ ಥರವೇ ಇವೆ. 1995ರಲ್ಲಿ ಬರೆದವರಿಗೆ ನಲವತ್ನಾಲ್ಕು ವರ್ಷ, ಈಗ ಎಪ್ಪತ್ತೈದು ಮುಟ್ಟಿದೆ. ಈವ್‌ಗೆ ವಯಸ್ಸಾಗದಿದ್ದರೂ ಅವಳನ್ನು ಬರೆಯುವವರಿಗೆ ಆಗಿದೆ. ಮೊದಲ ಪುಸ್ತಕಗಳು ನೇರವಾಗಿ ಪೇಪರ್‌ಬ್ಯಾಕ್ ಆಗಿ ಬಂದವು, ಓಟ ಜೋರಾಗಿತ್ತು, ಇವರಿಬ್ಬರೂ ಸೇರುತ್ತಾರಾ ಇಲ್ಲವಾ ಅನ್ನುವ ಒತ್ತಡ ಕಥೆಯನ್ನು ಎಳೆಯುತ್ತಿತ್ತು. ಮದುವೆ ಗಟ್ಟಿಯಾದ ಮೇಲೆ ಆ ಒತ್ತಡ ಹೋಯಿತು. ಅದರ ಜಾಗಕ್ಕೆ ತಂಡ ಬಂತು. ಫೀನಿ, ಮೆಕ್‌ನ್ಯಾಬ್, ಬ್ಯಾಕ್ಸ್‌ಟರ್, ಟ್ರೂಹಾರ್ಟ್, ಮಾರಿಸ್, ನಡೀನ್, ಎಲ್ಲರಿಗೂ ಒಂದೊಂದು ದೃಶ್ಯ ಕೊಡಬೇಕು. ಇಲ್ಲದಿದ್ದರೆ ಓದುಗರೇ ಎಲ್ಲಿ ಅಂತ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಈಚಿನ ಪುಸ್ತಕಗಳ ನಿಜವಾದ ತೊಂದರೆ ಇದು. ಮನೆ ತುಂಬಾ ನೆಂಟರು ಸೇರಿದ ಹಾಗೆ, ಎಲ್ಲರನ್ನೂ ಮಾತಾಡಿಸುವಷ್ಟರಲ್ಲಿ ಕೊಲೆ ಹಿಂದೆ ಬೀಳುತ್ತದೆ.

ಅಲ್ಲಲ್ಲಿ ಸಿಗುವ ಸಣ್ಣ ಎಡವಟ್ಟುಗಳನ್ನೂ ಜನ ಸಾಕ್ಷಿ ಮಾಡಿಕೊಳ್ಳುತ್ತಾರೆ. 'ನೋಡು, ಆಗ ಹೀಗಿತ್ತು, ಈಗ ಹಾಗೆ ಬರೆದಿದ್ದಾರೆ, ಬರೆದವರೇ ಬೇರೆ' ಅಂತ. ಅದು ಸಾಕ್ಷಿ ಆಗುವುದಿಲ್ಲ. ಷರ್ಲಾಕ್ ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್‌ಗೆ 1887ರ ಕಾದಂಬರಿಯಲ್ಲಿ ಗುಂಡು ತಗುಲಿದ್ದು ಭುಜಕ್ಕೆ, 1890ರದರಲ್ಲಿ ಕಾಲಿಗೆ. ಜಾನ್ ಆಗಿದ್ದವನನ್ನು ಒಂದು ಕಥೆಯಲ್ಲಿ ಅವನ ಹೆಂಡತಿಯೇ ಜೇಮ್ಸ್ ಅಂತ ಕರೆದಿದ್ದಾಳೆ. ಎಲ್ಲ ಬರೆದದ್ದು ಕಾನನ್ ಡಾಯ್ಲ್ ಒಬ್ಬರೇ. ನಾಲ್ಕೈದು ಪುಸ್ತಕ ದಾಟಿದ ಸರಣಿಯಲ್ಲಿ ಇಂಥದ್ದು ಒಂದೂ ಇಲ್ಲ ಅಂದರೆ ಅದೇ ಆಶ್ಚರ್ಯ.

ಡಿಸ್ಕ್ ವಿಷಯಕ್ಕೆ ಬರೋಣ. ನಗುವ ಗೆಳತಿ ನಗಲಿ, ನಗುವಂಥದ್ದೇ. 1995ರಲ್ಲಿ ಕೂತು 2058 ನೋಡಿದವರು ಮುಖ ನೋಡಿ ಮಾತಾಡುವ ಅಂಗೈ ಫೋನನ್ನು ಸರಿಯಾಗಿ ಊಹಿಸಿದರು. ಐಫೋನ್ ಬರಲು ಆಗ ಇನ್ನೂ ಹನ್ನೆರಡು ವರ್ಷ ಇತ್ತು. ಫೈಲುಗಳನ್ನು ಮಾತ್ರ ಡಿಸ್ಕಿನಲ್ಲೇ ಬಿಟ್ಟರು. ಈಗ ಬದಲಾಯಿಸಬಾರದಾ ಅಂದರೆ, ಹೇಗೆ? ಅವರ ಕಥೆಯಲ್ಲಿ ಕಳೆದಿದ್ದು ಮೂರೇ ವರ್ಷ. ಮೊನ್ನೆ ಇದ್ದ ಡಿಸ್ಕ್ ಇವತ್ತು ಎಲ್ಲರ ಮೇಜಿನಿಂದ ಮಾಯವಾದರೆ ಅದು ಇನ್ನೂ ಎಡವಟ್ಟು. ಹೀಗಾಗಿ ಈವ್ ಬದುಕುತ್ತಿರುವುದು ನಮ್ಮ 2058ರಲ್ಲಿ ಅಲ್ಲ. 1995ರವರು ಕಂಡ 2058ರಲ್ಲಿ. ಕಥೆಯ ಹಿನ್ನೆಲೆಯಲ್ಲಿ ಬರುವ ಅರ್ಬನ್ ವಾರ್ಸ್ ಅನ್ನುವ ಊರೊಳಗಿನ ಯುದ್ಧಗಳನ್ನು ನೋಡಿ. ಅವರ ಇತಿಹಾಸದ ಪ್ರಕಾರ ಅವು ನಾವೀಗ ಬದುಕುತ್ತಿರುವ ಕಾಲದ ಆಸುಪಾಸಿನಲ್ಲೇ ನಡೆದಿರಬೇಕು. ಸದ್ಯ, ತಪ್ಪಿಹೋಯಿತು!

ಭವಿಷ್ಯದ ಪತ್ತೇದಾರಿ ಕಥೆಗೆ ಇದಕ್ಕಿಂತ ದೊಡ್ಡ ತೊಡಕು ಒಂದಿದೆ. ಐಸಾಕ್ ಅಸಿಮೋವ್‌ಗೆ ಅವರ ಸಂಪಾದಕರು ವಿಜ್ಞಾನ ಕಥೆ, ಪತ್ತೇದಾರಿ ಕಥೆ ಎರಡೂ ಸೇರುವುದೇ ಇಲ್ಲ ಅಂದಿದ್ದರಂತೆ. ಪತ್ತೇದಾರ ಜೇಬಿನಿಂದ ಹೊಸ ಯಂತ್ರ ತೆಗೆದು ಕೊಲೆಗಾರನನ್ನು ತೋರಿಸಿಬಿಟ್ಟರೆ ಓದುಗನಿಗೆ ಮೋಸ ಅಲ್ವಾ? ಅಸಿಮೋವ್ ಅದಕ್ಕೆ ಉತ್ತರವಾಗಿ 1954ರ 'ದಿ ಕೇವ್ಸ್ ಆಫ್ ಸ್ಟೀಲ್' ಬರೆದರು. ಆ ಲೋಕದಲ್ಲಿ ಏನು ಆಗುತ್ತದೆ, ಏನು ಆಗುವುದಿಲ್ಲ ಅಂತ ಮೊದಲೇ ಹೇಳಿ, ಅದರೊಳಗೇ ಪತ್ತೆ ಮಾಡಿಸಿದರು. ರಾಬ್ ಕೂಡ ಅದೇ ಶಿಸ್ತು ಇಟ್ಟುಕೊಂಡಿದ್ದಾರೆ. ಈವ್ ಕೊಲೆಯಾದ ಜಾಗಕ್ಕೆ ಬಂದರೆ ಮೊದಲು ತನ್ನ ಗುರುತು ಅಲ್ಲಿ ಬೀಳದಿರಲಿ ಅಂತ ಕೈಗೂ ಬೂಟಿಗೂ ಸೀಲ್-ಇಟ್ ಅನ್ನುವ ದ್ರವ ಸಿಂಪಡಿಸಿಕೊಳ್ಳುತ್ತಾಳೆ. ರೆಕಾರ್ಡರ್ ಹಾಕುತ್ತಾಳೆ. ತನ್ನ ಹೆಸರು ಹೇಳುತ್ತಾಳೆ. ಹೆಣದ ಪಕ್ಕ ಕೂತು ಕಂಡದ್ದನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾಳೆ. ಸಾವಿನ ಹೊತ್ತು ಹೇಳಲು ಒಂದು ಉಪಕರಣ ಇದೆ. ಅದರಾಚೆಗೆ ಬಾಗಿಲು ತಟ್ಟಬೇಕು, ಜನರನ್ನು ಕೇಳಬೇಕು, ಫೋಟೋ ಅಂಟಿಸಿದ ಹಲಗೆಯ ಮುಂದೆ ಬೂಟು ಮೇಜಿನ ಮೇಲಿಟ್ಟು ಯೋಚಿಸಬೇಕು. ಹೀಗಾಗಿ ಡಿಸ್ಕ್ ಹಳತಾದರೂ ಕೊಲೆಯ ಪತ್ತೆ ಹಳತಾಗಿಲ್ಲ.

ಆ ಲೋಕದ ಕೆಲವು ಊಹೆಗಳಂತೂ ಈಗಲೂ ಗಟ್ಟಿ. ಕಾಡು ನಾಶವಾಗಿ ನಿಜವಾದ ಕಾಫಿ ಅನ್ನುವುದು ಹಣವಂತರ ಪಾಲಾಗಿದೆ. ರೋರ್ಕ್ ಮೊದಲ ಪುಸ್ತಕದಲ್ಲಿ ಈವ್‌ಗೆ ಕಳಿಸುವುದು ವಜ್ರ ಅಲ್ಲ, ಒಂದು ಚೀಲ ಕಾಫಿ. ಅದಕ್ಕೇ ಅವಳು ಕರಗುತ್ತಾಳೆ. ಇಂಥ ಒಂದು ವಿವರ ಹತ್ತು ಹಾರುವ ಕಾರಿಗೆ ಸಮ ಅಂತ ನನಗನ್ನಿಸುತ್ತದೆ.

ಉಳಿದಿದ್ದು ನಿಮ್ಮ ಬೇಸರ. ಅದರಲ್ಲಿ ನಿಮ್ಮ ತಪ್ಪೂ ಇಲ್ಲ, ಲೇಖಕಿಯದೂ ಇಲ್ಲ. ಈ ಪುಸ್ತಕಗಳನ್ನು ಆರು ತಿಂಗಳಿಗೊಂದರಂತೆ ಓದಲಿ ಅಂತ ಮಾಡಿದ್ದಾರೆ. ಈವ್ ರಾತ್ರಿ ಮನೆಗೆ ಬರುತ್ತಾಳೆ. ಬಾಗಿಲ ಹತ್ತಿರ ರೋರ್ಕ್‌ನ ಮನೆ ನೋಡಿಕೊಳ್ಳುವ ಕಪ್ಪು ಉಡುಪಿನ ಸಮರ್‌ಸೆಟ್ ನಿಂತಿರುತ್ತಾನೆ, ಕಾಲ ಬಳಿ ದಪ್ಪ ಬೆಕ್ಕು ಗ್ಯಾಲಹಾಡ್. ಅವನೊಂದು ಕೊಂಕು, ಇವಳೊಂದು ಕೊಂಕು. ಕೋಟನ್ನು ಮೆಟ್ಟಿಲ ಕಂಬಕ್ಕೆ ಎಸೆದು ಮೇಲೆ ಹೋಗುತ್ತಾಳೆ. ಆರು ತಿಂಗಳ ಮೇಲೆ ಓದಿದವರಿಗೆ ಇದು ಹಳೆಯ ಗೆಳೆಯರ ಮನೆಗೆ ಕಾಲಿಟ್ಟ ಖುಷಿ. ಎರಡು ದಿನಕ್ಕೊಂದು ಓದಿದವರಿಗೆ ಅದೇ ಕೋಟು, ಅದೇ ಕಂಬ. ಕಚೇರಿಯಲ್ಲಿ ಅವಳ ಚಾಕೊಲೇಟ್ ಕದಿಯುವ ಕಳ್ಳನ ತಮಾಷೆಯೂ ಹಾಗೆಯೇ. ನಡುವೆ ಬೇರೆ ಥರದ ಒಂದೆರಡು ಪುಸ್ತಕ ಓದಿ ಮತ್ತೆ ಬನ್ನಿ. ಆಗಲೂ ಬೇಸರವೇ ಆದರೆ ಸುಮ್ನೆ ಬಿಟ್ಟುಬಿಡಿ. ಪ್ರತಿ ಪುಸ್ತಕವೂ ಅದರಲ್ಲೇ ಮುಗಿಯುವುದರಿಂದ ನಡುವೆ ಬಿಟ್ಟವರಿಗೆ ಯಾವ ಕೊಲೆಯೂ ಪತ್ತೆಯಾಗದೆ ಉಳಿಯುವುದಿಲ್ಲ. ಎಲ್ಲೋ ಒಂದು ಕೊನೆ ಬರುತ್ತದೆ, ಅಲ್ಲಿಯವರೆಗೆ ಓದೋಣ ಅಂದುಕೊಂಡು ಹಲ್ಲು ಕಚ್ಚಿಕೊಂಡು ಹೋಗಬೇಡಿ. ಇಂಥ ಸರಣಿ ಒಂದು ಕೊನೆಯ ಕಡೆಗೆ ಹೊರಟಿರುವುದೇ ಇಲ್ಲ.

ಗೆಳತಿಯರ ಜೊತೆಗಿನ ಮಾತುಕತೆಗೆ ಒಂದು ಸಣ್ಣ ಕಟ್ಟು ಮಾಡಿಕೊಳ್ಳಿ. ಮಾತು ಶುರು ಮಾಡುವ ಮೊದಲು ಯಾವ ಪುಸ್ತಕದವರೆಗೆ ಅಂತ ಹೇಳಬೇಕು. ಪ್ರಕರಣದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ. ಮದುವೆ, ಬಡ್ತಿ, ಹೆರಿಗೆ, ರೋರ್ಕ್‌ನ ಹಿಂದಿನ ಕಥೆ, ಇವುಗಳನ್ನು ಎತ್ತುವ ಮುಂಚೆ ಎಲ್ಲರೂ ಅಲ್ಲಿಗೆ ಬಂದಿದ್ದಾರಾ ಕೇಳಿ. ಸಾಲಾಗಿ ಓದಿದ ಗೆಳತಿಗೆ ಬೇರೆ ಕೆಲಸ ಕೊಡಿ. 'ರಿಯೂನಿಯನ್' ಥರದ ಭಾರವಾದ ಪುಸ್ತಕ ಬಂದಾಗ ಯಾವ ಪುಟದಿಂದ ಯಾವ ಪುಟಕ್ಕೆ ಹಾರಬೇಕು ಅಂತ ಅವಳೇ ಗುರುತು ಹಾಕಿಕೊಡಲಿ. ಯಾಕೆ ಅಂತ ಅವಳಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. 'ಆ ಭಾಗ ನನಗೆ ಬೇಡ' ಅಂದರೂ ಸಾಕು.